ಒಂದು ಬಟ್ಟಲು, ಆ ಬಟ್ಟಲು

ತಿಪಟೂರಿನ ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಮೊದಲು ಅಲ್ಲಿ ಅಪ್ಪ ಟೈಪ್‌ರೈಟಿಂಗ್ ಹೇಳಿಕೊಡುತ್ತಿದ್ದರು. ಈಗ ಅಲ್ಲಿರುವುದು ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಹಳೇ ಜೆರಾಕ್ಸ್ ಮೆಶಿನ್ನು ಮತ್ತು ನಾನು. ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಟೈಪ್ ಮಾಡುತ್ತಿದ್ದೇನೆ. ಕೀಲಿ ನೋಡದೆ, ಯಾರ ಜೊತೆಗೋ ಮಾತಾಡುತ್ತಲೇ ಒಂದು ಪುಟ ಹೊಡೆದುಬಿಡಬಲ್ಲೆ. ಆದರೆ ನಾನು ಓದಿದ್ದೆಲ್ಲ ಕನ್ನಡ ಮೀಡಿಯಂ. ಬರೆದುಕೊಟ್ಟಿದ್ದನ್ನು ಟೈಪ್ ಮಾಡುವುದು ಬೇರೆ, ಜನ ಕನ್ನಡದಲ್ಲಿ ಹೇಳಿದ್ದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಅರ್ಜಿ ಮಾಡಿಕೊಡುವುದು ಬೇರೆ. ಆಗೆಲ್ಲ ಈ 'ಎ' ಮತ್ತು 'ದಿ' ಅನ್ನುವ ಎರಡು ಚಿಕ್ಕ ಪದಗಳನ್ನು ಕೈಗೆ ಬಂದ ಕಡೆ ಉದುರಿಸುತ್ತಿದ್ದೆ. ವಾಕ್ಯ ಬೋಳು ಬೋಳಾಗಿ ಕಂಡರೆ ಒಂದು 'ದಿ' ಹಾಕುತ್ತಿದ್ದೆ. ಇನ್ನೂ ಸಮಾಧಾನ ಆಗದಿದ್ದರೆ ಇನ್ನೊಂದು. ಯಾರೂ ಇದು ತಪ್ಪು ಅಂತ ವಾಪಸ್ಸು ತಂದಿರಲಿಲ್ಲ. ಹಾಗಾಗಿ ಸರಿಯೇ ಇರಬೇಕು ಅಂದುಕೊಂಡಿದ್ದೆ.

ಹೋದ ವರ್ಷ ಬೇಸಿಗೆ ಶುರುವಿನಲ್ಲಿ ಹಾಲ್ಕುರಿಕೆಯ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಳು. ಮೂವತ್ತರ ಆಸುಪಾಸಿನವಳು. ಕೈಯಲ್ಲಿದ್ದ ಚೀಲದಿಂದ ಒಂದೊಂದೇ ಬಟ್ಟಲು ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಡತೊಡಗಿದಳು. ಎಲ್ಲವೂ ತೆಂಗಿನ ಚಿಪ್ಪಿನವು. ನಮ್ಮ ಕಡೆ ಚಿಪ್ಪು ಅಂದರೆ ನೀರೊಲೆಗೆ ಹಾಕುವ ಸಾಮಾನು, ಅದಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕಿಲ್ಲ. ಈಕೆ ಅದನ್ನು ಸಣ್ಣ ಗರಗಸದಲ್ಲಿ ಕೊಯ್ದು, ನಾರು ಹೆರೆದು, ದಿನಗಟ್ಟಲೆ ಉಜ್ಜಿ, ಕೊಬ್ಬರಿ ಎಣ್ಣೆ ತಿಕ್ಕಿ, ಮುಖ ಕಾಣುವ ಹಾಗೆ ಹೊಳೆಯಿಸಿದ್ದಳು. ನಾನು ಒಂದನ್ನು ಕೈಗೆತ್ತಿಕೊಂಡು ಕೆಳಗಿಡಲು ಮನಸ್ಸಾಗದೆ ತಿರುಗಿಸುತ್ತ ಕೂತೆ. ಕಡುಕಂದು ಬಣ್ಣದ ನಡುವೆ ಸೊಂಟದ ಸುತ್ತ ಒಂದು ತೆಳ್ಳನೆ ಬಿಳಿ ಗೆರೆ. ಬಣ್ಣ ಬಳಿದದ್ದಲ್ಲ, ಚಿಪ್ಪಿನಲ್ಲೇ ಇದ್ದದ್ದು.

"ಅಕ್ಕ, ಇವುನ್ನ ಇಂಟರ್‌ನೆಟ್‌ಗೆ ಹಾಕ್ಕೊಡ್ತೀರಾ?" ಅಂದಳು.

ಅಂಗಡಿಯ ಹೊಸ್ತಿಲ ಮೇಲೆ ಬಿಸಿಲು ಬೀಳುವ ಜಾಗದಲ್ಲಿ ಒಂದೊಂದನ್ನೇ ಇಟ್ಟು ಫೋಟೋ ತೆಗೆದೆವು. ಮೊದಲು ತೆಗೆದದ್ದು ಬಿಳಿ ಗೆರೆಯದು. ಅವಳ ಹೆಸರಿನಲ್ಲಿ ಒಂದು ಪುಟ ಮಾಡಿ, ನನ್ನ ಅಂಗಡಿಯ ಇಮೇಲ್ ವಿಳಾಸ ಕೊಟ್ಟು, ಕೆಳಗೆ ನಾಲ್ಕು ಸಾಲು ಇಂಗ್ಲಿಷ್ ಬರೆದೆ. ಆ ನಾಲ್ಕು ಸಾಲಿನಲ್ಲಿ ಎಷ್ಟು 'ದಿ' ಇದ್ದವು ಅಂತ ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ತಿಂಗಳೊಪ್ಪತ್ತಿನಲ್ಲಿ ಇಮೇಲಿನಲ್ಲಿ ಒಂದು ಕಾಗದ ಬಂತು. ಎಲ್ಲೋ ಯುರೋಪಿನ ಒಂದು ಊರು. ಅಲ್ಲೊಬ್ಬ ಹೆಂಗಸು ಮನೆ ಸಾಮಾನಿನ ಚಿಕ್ಕ ಅಂಗಡಿ ಇಟ್ಟಿದ್ದಾಳೆ. ಬಿಳಿ ಗೆರೆಯ ಬಟ್ಟಲು ಅವಳಿಗೆ ತುಂಬಾ ಹಿಡಿಸಿದೆ. 'ಪ್ಲೀಸ್ ಸೆಂಡ್ ಮಿ ದಿ ಬೌಲ್' ಅಂತ ಬರೆದಿದ್ದಾಳೆ. ನಾನು ತಕ್ಷಣ ಹಾಲ್ಕುರಿಕೆಗೆ ಫೋನ್ ಮಾಡಿದೆ. "ಬಿಳಿ ಗೆರೆ ಇರೋ ಬಟ್ಲು ಇಷ್ಟ ಆಯ್ತಂತೆ ಕಣೇ! ಬಟ್ಲು ಕಳಿಸ್ಬೇಕಂತೆ!"

ಆ ಕಡೆಯಿಂದ ಅವಳು ಕಿರುಚಿದ್ದು ಕೇಳಿ ನನ್ನ ಮುಂದೆ ಜೆರಾಕ್ಸಿಗೆ ನಿಂತಿದ್ದವರು ಬೆಚ್ಚಿದರು.

ಎಂಟು ದಿನ ಅವಳು ಊರಿನ ಮನೆಮನೆಯ ಚಿಪ್ಪಿನ ಗುಡ್ಡೆ ಕೆದಕಿದಳಂತೆ. ಕೊನೆಗೆ ಬಿಳಿ ಗೆರೆ ಇರುವ ಇನ್ನೊಂದು ಚಿಪ್ಪು ಸಿಕ್ಕಿತು. ಮೊದಲಿನದಕ್ಕಿಂತ ಗೆರೆ ದಪ್ಪ, ಹೊಳಪೂ ಹೆಚ್ಚು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ತೆಂಗಿನ ನಾರು ತುಂಬಿ, ನಾವಿಬ್ಬರೂ ಅಂಚೆ ಕಚೇರಿಗೆ ಹೋಗಿ ಕಳಿಸಿ ಬಂದೆವು. ಬರುವಾಗ ಕಬ್ಬಿನ ಹಾಲು ಕುಡಿದೆವು.

ಉತ್ತರ ಬಂದ ದಿನ ಅವಳು ಅಂಗಡಿಯಲ್ಲೇ ಇದ್ದಳು. ನಾನು ಗಟ್ಟಿಯಾಗಿ ಓದಿದೆ. 'ಯು ಹ್ಯಾವ್ ಸೆಂಟ್ ಮಿ ಎ ಬೌಲ್. ಇಟ್ ಈಸ್ ಎ ಬ್ಯೂಟಿಫುಲ್ ಬೌಲ್. ಬಟ್ ಐ ಆಸ್ಕ್ಡ್ ಫಾರ್ ದಿ ಬೌಲ್.'

"ಏನಂತೆ ಅಕ್ಕ?"

ನಾನು ಎರಡು ಸಲ ಓದಿಕೊಂಡು, ನನಗೆ ತಿಳಿದ ಹಾಗೆ ಹೇಳಿದೆ. "ನೀವು ಬಟ್ಲು ಕಳ್ಸಿದೀರಿ. ಅದು ಚೆನ್ನಾಗಿರೋ ಬಟ್ಲು. ಆದ್ರೆ ನಾನು ಕೇಳಿದ್ದು ಬಟ್ಲು."

ಅವಳು ನನ್ನ ಮುಖ ನೋಡಿದಳು. "ಅಕ್ಕ, ಆಯಮ್ಮ ಹುಷಾರಾಗವ್ರಾ?"

ಫೋನಿನಲ್ಲಿ ಕನ್ನಡಕ್ಕೆ ತಿರುಗಿಸುವ ಸೌಲಭ್ಯ ಇದೆಯಲ್ಲ, ಅದಕ್ಕೂ ಹಾಕಿ ನೋಡಿದೆವು. ಅದೂ ನಾನು ಹೇಳಿದ್ದನ್ನೇ ಹೇಳಿತು. ಬಟ್ಟಲು ಕೇಳಿದವಳಿಗೆ ಬಟ್ಟಲು ಹೋಗಿದೆ, ಚೆನ್ನಾಗಿದೆ ಅಂತಲೂ ಹೇಳುತ್ತಾಳೆ, ಮತ್ತೆ ಬಟ್ಟಲು ಕೇಳಿದ್ದೆ ಅನ್ನುತ್ತಾಳೆ. ನಾವಿಬ್ಬರೂ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಗ ಮೇಷ್ಟ್ರು ಬಂದರು. ಅವರು ತುರುವೇಕೆರೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ತಿಪಟೂರಿನಲ್ಲೇ ಮನೆ. ಪೆನ್ಷನ್ ಕಾಗದಗಳ ಜೆರಾಕ್ಸಿಗೆ ನನ್ನ ಹತ್ತಿರವೇ ಬರುತ್ತಾರೆ.

"ಸಾರ್, ಇದನ್ನ ಒಸಿ ನೋಡಿ," ಅಂತ ಪರದೆ ಅವರ ಕಡೆ ತಿರುಗಿಸಿದೆ.

ಅವರು ಓದಿದರು. ಕನ್ನಡಕ ತೆಗೆದರು. ಕೆಮ್ಮು ಬರುವವರೆಗೂ ನಕ್ಕರು. "ಹೆಂಗ್ಸು ಜಾಣೆ ಕಣಮ್ಮ! ನಾನು ಒಂದು ವರ್ಷ ಮಾಡ್ತಿದ್ದ ಪಾಠಾನ ಮೂರು ಸಾಲಲ್ಲಿ ಬರ್ದವ್ಳೆ."

"ನಮ್ಗೆ ಒಂದೂ ಗೊತ್ತಾಗ್ಲಿಲ್ಲ ಸಾರ್."

ಅವರು ಸ್ಟೂಲ್ ಎಳೆದು ಕೂತು, ಹಾಲ್ಕುರಿಕೆಯವಳ ಕಡೆ ತಿರುಗಿದರು. "ನಿಮ್ಮಜ್ಜಿ ಕತೆ ಹೇಳ್ತಿದ್ರಾ? ಹೆಂಗೆ ಶುರು ಮಾಡೋರು?"

"ಒಂದೂರಲ್ಲಿ ಒಬ್ಬ ರಾಜ ಇದ್ದ ಅಂತ."

"ಆಮೇಲೆ?"

"ಆ ರಾಜಂಗೆ ಇಬ್ರು ಹೆಂಡ್ರು."

"ನಿಲ್ಸು. ಮೊದ್ಲು ಒಬ್ಬ ರಾಜ ಅಂದೆ. ಆಮೇಲೆ ಆ ರಾಜ ಅಂದೆ. ಯಾಕೆ?"

ಅವಳು ಒಂದು ಗಳಿಗೆ ಯೋಚಿಸಿದಳು. "ಮೊದ್ಲು ಯಾವ ರಾಜ ಅಂತ ಕೇಳೋರಿಗೆ ಗೊತ್ತಿರ್ಲಿಲ್ಲ. ಒಂದ್ಸಲ ಹೇಳಿದ್ಮೇಲೆ ಗೊತ್ತಾಯ್ತಲ್ಲ ಸಾರ್."

ಮೇಷ್ಟ್ರು ಮೇಜು ಗುದ್ದಿದರು. "ಅಷ್ಟೇ! ಒಬ್ಬ ರಾಜ, ಅದು 'ಎ'. ಆ ರಾಜ, ಅದು 'ದಿ'. ನೀನು ಒಂದು ಬಟ್ಲು ಕಳಿಸಿದೀಯ. ಆಯಮ್ಮ ಕೇಳಿದ್ದು ಆ ಬಟ್ಲು. ಫೋಟೋದಲ್ಲಿ ಅವಳು ನೋಡಿದ್ದು, ನಿಮಗೂ ಅವಳಿಗೂ ಇಬ್ರಿಗೂ ಗೊತ್ತಿರೋದು. ಅದೇ."

ಇಪ್ಪತ್ತು ವರ್ಷ ದಿನಕ್ಕೆ ನೂರು ಸಲ ಟೈಪ್ ಮಾಡಿದ ಪದ. ಅದಕ್ಕೆ ಅರ್ಥ ಇದೆ ಅಂತ ನನಗೆ ಅವತ್ತು ತಿಳಿಯಿತು! ಅದು ಅಲಂಕಾರಕ್ಕೆ ಇದ್ದದ್ದಲ್ಲ. ಓದುವವರಿಗೆ 'ನಿಮಗೆ ಗೊತ್ತಿರೋದೇ' ಅಂತ ಹೇಳುವ ಪದ ಅದು. ಹಾಗಾದರೆ ನಾನು ಇಷ್ಟು ವರ್ಷ ತಹಸೀಲ್ದಾರರಿಗೆ, ಬ್ಯಾಂಕ್ ಮ್ಯಾನೇಜರಿಗೆ, ಕಂಡಕಂಡ ಸಾಹೇಬರಿಗೆಲ್ಲ, ಅವರು ಕಂಡು ಕೇಳಿರದ ಹಸು, ಮರ, ಮನೆ, ಜ್ವರಗಳ ಬಗ್ಗೆ 'ನಿಮಗೆ ಗೊತ್ತಿರೋದೇ' ಅಂತ ಬರೆದಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ.

ಆದರೆ ಹಾಲ್ಕುರಿಕೆಯವಳು ನಗಲಿಲ್ಲ. ಅವಳ ಮುಖ ಸಣ್ಣಗಾಗಿತ್ತು. "ಅಕ್ಕ, ಆ ಬಟ್ಲು ನನ್ ಹತ್ರ ಇಲ್ಲ. ಅರಳಗುಪ್ಪೆ ಅತ್ತೆ, ನಮ್ಮಪ್ಪನ ಅಕ್ಕ, ಕೇಳಿದ್ರು ಅಂತ ಕೊಟ್ಬುಟ್ಟೆ."

"ಹೋಗಿ ಈಸ್ಕೊಂಡ್ ಬಾ."

"ನಮ್ಮತ್ತೆ ನಿಮ್ಗೆ ಗೊತ್ತಿಲ್ಲ. ನೀವೂ ಬನ್ನಿ ಅಕ್ಕ."

ಮಾರನೆಯ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಬಸ್ ಹತ್ತಿದೆ. ಕಿಟಕಿಯಾಚೆ ತೆಂಗಿನ ಸಾಲು ಓಡುತ್ತಿತ್ತು. ನಾನು ಮನಸ್ಸಿನಲ್ಲೇ ಎಲ್ಲಕ್ಕೂ ಹಚ್ಚಿ ನೋಡುತ್ತಿದ್ದೆ. ಎ ಟ್ರೀ, ಎ ಟ್ರೀ, ಎ ಟ್ರೀ. ಎ ಹೌಸ್. ದಿ ಸನ್. ಸೂರ್ಯನಿಗೆ ಯಾಕೆ 'ದಿ' ಅಂತ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಈಗ ಕಾರಣ ಕಂಡಿತು. ಯಾವ ಸೂರ್ಯ ಅಂತ ಯಾರೂ ಕೇಳುವುದಿಲ್ಲ! ಪಕ್ಕದಲ್ಲಿ ಅವಳು ಅತ್ತೆಗೆ ಏನು ಹೇಳಬೇಕೆಂದು ತುಟಿ ಅಲ್ಲಾಡಿಸುತ್ತ ಕೂತಿದ್ದಳು.

ನಮ್ಮ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಯಾರದೋ ಮನೆಯ ಸುದ್ದಿ ನಡೆದಿತ್ತು.

"ಅವರ ಮನೇಲಿ ಹಸು ಮಾರಿದ್ರಂತೆ," ಅಂದಳು ಒಬ್ಬಳು.

"ಮಾರ್ದೆ ಏನ್ ಮಾಡ್ತಾರೆ, ವರ್ಷಾ ವರ್ಷಾ ಹಸು ಮಾರ್ತಾನೆ ಇರ್ತಾರೆ ಬುಡು."

"ಅಯ್ಯೋ, ಅದಲ್ಲ ಕಣೇ. ಹಸೂನ ಮಾರ್‌ಬುಟ್ರು!"

ಇನ್ನೊಬ್ಬಳು ಸೀಟಿನಲ್ಲೇ ಪೂರ್ತಿ ತಿರುಗಿದಳು. "ಆಂ? ಆ ಕೆಂದ ಹಸೂನಾ?"

"ಹೂಂ ಕಣೇ. ಹಸೂನ."

ನಾನು ಹಿಂದಿನ ಸೀಟಿನಲ್ಲಿ ಕಿವಿ ನಿಮಿರಿಸಿ ಕೂತಿದ್ದೆ. ಹಸು ಮಾರಿದರು. ಹಸೂನ ಮಾರಿದರು. ಮೊದಲನೆಯದರಲ್ಲಿ ಯಾವುದೋ ಒಂದು ಹಸು. ಎರಡನೆಯದರಲ್ಲಿ ಇಬ್ಬರಿಗೂ ಗೊತ್ತಿರುವ, ಆ ಮನೆಯ ಹಟ್ಟಿಯಲ್ಲಿ ವರ್ಷಗಟ್ಟಲೆ ನಿಂತಿದ್ದ ಹಸು. ನಡುವೆ ಇರುವುದು ಒಂದೇ ಒಂದು 'ನ'! ಅದನ್ನು ಕೇಳಿದ್ದೇ ತಡ, ಆ ಹೆಂಗಸು ಸೀಟಿನಲ್ಲಿ ತಿರುಗಿ ಕೂತಳು. ಕಾಯಿ ಒಡಿ ಅಂತೀವಿ, ಕಾಯ್ನ ಒಡಿ ಅಂತೀವಿ. ಪುಸ್ತಕ ಓದಿದೆ, ಪುಸ್ತಕಾನ ಓದಿದೆ. ಹುಟ್ಟಿದಾಗಿನಿಂದ ಆಡುತ್ತಿದ್ದೇವೆ, ಒಂದು ಸಲವೂ ತಪ್ಪಿಲ್ಲ, ಯಾರೂ ಕಲಿಸಿಲ್ಲ!

ತಡೆಯಲಾರದೆ ಬಸ್ಸಿನಿಂದಲೇ ಮೇಷ್ಟ್ರಿಗೆ ಫೋನ್ ಹಚ್ಚಿದೆ. "ಸಾರ್, ನಮ್ಮಲ್ಲೂ ಇದೆ! ಹಸು ಮಾರಿದ್ರು, ಹಸೂನ ಮಾರಿದ್ರು. ಕೇಳಿಸ್ತಾ ಸಾರ್? ಹಸೂ-ನ!"

ಇಡೀ ಬಸ್ಸು ನನ್ನ ಕಡೆ ನೋಡಿತು. ಮುಂದಿನ ಸೀಟಿನ ಹೆಂಗಸರು, ಇವಳು ಆ ಮನೆಯ ನೆಂಟಳೇ ಇರಬೇಕು ಅನ್ನುವ ಹಾಗೆ ಬಾಯಿ ಮುಚ್ಚಿಕೊಂಡರು. ಫೋನಿನಲ್ಲಿ ಮೇಷ್ಟ್ರು ಹಸು, ಹಸೂನ ಅಂತ ತಾವೂ ಒಮ್ಮೆ ಹೇಳಿ ನೋಡಿದರು. ಆಮೇಲೆ ಮೆಲ್ಲಗೆ, "ಮೂವತ್ತು ವರ್ಷ ಪಾಠ ಮಾಡ್ದೆ ಕಣಮ್ಮ, ಇದು ನಂಗೆ ಹೊಳೀಲೇ ಇಲ್ಲ," ಅಂದರು. ಮೇಷ್ಟ್ರಲ್ಲವೇ, ಅಷ್ಟಕ್ಕೇ ಬಿಡಲಿಲ್ಲ. "ಆದ್ರೆ ಎಲ್ಲಾ ಕಡೆ ನಡೆಯಲ್ಲ, ನೋಡ್ಕೋ. ಮನುಷ್ಯರ ವಿಷ್ಯಕ್ಕೆ ಬಂದ್ರೆ 'ಒಬ್ಬನ್ನ ಕಂಡೆ' ಅಂತೀವಿ, ಯಾರು ಅಂತ ಗೊತ್ತಿಲ್ದಿದ್ರೂ ಅಲ್ಲಿ 'ನ' ಬರುತ್ತೆ." ಬರಲಿ ಬಿಡಿ ಅಂದುಕೊಂಡೆ. ನನ್ನ ಖುಷಿ ಅಷ್ಟಕ್ಕೆ ಇಳಿಯುವಂಥದ್ದಾಗಿರಲಿಲ್ಲ.

ಅತ್ತೆಯ ಮನೆ ಅರಳಗುಪ್ಪೆಯ ಹಳೇ ದೇವಸ್ಥಾನದಿಂದ ಎರಡು ಬೀದಿ ಆಚೆ. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಹಣೆ ತುಂಬ ವಿಭೂತಿ. ಮಜ್ಜಿಗೆ ಕೊಟ್ಟು, ಬಂದ ವಿಷಯ ಕೇಳಿದರು. ಸೊಸೆಯಾಗಬೇಕಿದ್ದವಳ ಮೇಲೆ ಇಡುವಂಥ ಅಕ್ಕರೆ ಅವರಿಗೆ ಈ ಹುಡುಗಿಯ ಮೇಲೆ. ಆದರೆ ಬಟ್ಟಲಿನ ಮಾತು ಎತ್ತಿದ ಕೂಡಲೇ ಮುಖ ಬಿಗಿದುಕೊಂಡರು.

"ಅದ್ರಲ್ಲಿ ವಿಭೂತಿ ಇಕ್ಕಿದೀನಿ. ದೇವ್ರ ಗೂಡಲ್ಲಿ ಅದೆ. ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೇ?"

"ಅತ್ತೆ, ನಿಮ್ಗೆ ಅದಕ್ಕಿಂತ ಒಳ್ಳೇದು ಮಾಡ್ಕೊಡ್ತೀನಿ."

"ಹಂಗಾದ್ರೆ ಆ ಒಳ್ಳೇದನ್ನೇ ಆಯಮ್ಮಂಗೆ ಕಳ್ಸು. ನಂಗೆ ಇದಿರ್ಲಿ."

"ಕಳ್ಸಿದ್ದೆ ಅತ್ತೆ. ಅವ್ರಿಗೆ ಬೇರೆ ಬೇಡ್ವಂತೆ. ಅದೇ ಬೇಕಂತೆ."

"ಅದೇ ಬೇಕಂತಾ? ಒಳ್ಳೇದು ಕಳ್ಸಿದ್ರೂ?"

"ಹೂಂ. ಇದು ಒಂದು ಬಟ್ಲು, ನಾನು ಕೇಳಿದ್ದು ಆ ಬಟ್ಲು ಅಂತ ಬರ್ದವ್ರೆ."

ಅತ್ತೆ ಎದ್ದು ದೇವರ ಗೂಡಿನ ಹತ್ತಿರ ಹೋದರು. ಬಟ್ಟಲನ್ನು ತೆಗೆದು ಬೆಳಕಿಗೆ ಹಿಡಿದರು. ವಿಭೂತಿಯ ಗಟ್ಟಿಯನ್ನು ಒಂದು ತಟ್ಟೆಗೆ ಹಾಕಿ, ಒಳಗಿನ ಬೂದಿಯನ್ನು ಬೆರಳಲ್ಲಿ ಬಳಿದು ಹಣೆಗೆ ಹಚ್ಚಿಕೊಂಡು, ಸೆರಗಿನಿಂದ ಒರೆಸಿದರು. "ಆಯಮ್ಮ ನನ್ ಥರದೋಳೇ ಬುಡು. ನಂಗೂ ನೀನು ಹತ್ತು ತೋರ್ಸಿದ್ದೆ, ನಾನು ಇದೇ ಬೇಕು ಅಂದಿರ್ಲಿಲ್ವಾ?" ಅಂತ ಅವಳ ಕೈಗಿಟ್ಟರು. "ಆದ್ರೆ ನಂಗೆ ಮಾಡೋದನ್ನ ಎಲ್ಲೆಲ್ಲಿಂದೋ ಚಿಪ್ಪು ತಂದು ಮಾಡ್ಬ್ಯಾಡ. ನಮ್ಮ ಬಾವಿ ಪಕ್ಕದ ಮರದ ಕಾಯಿ ಕೊಡ್ತೀನಿ. ಅದ್ರಲ್ಲೇ ಮಾಡ್ಬೇಕು."

ಹಾಲ್ಕುರಿಕೆಯವಳು ನನ್ನ ಕಡೆ ನೋಡಿ, "ಅಕ್ಕ, ದಿ ಕಾಯಿ!" ಅಂದಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅತ್ತೆಗೆ ಏನೂ ಗೊತ್ತಾಗದೆ ಅವರೂ ನಕ್ಕರು.

ಅವತ್ತೇ ಮಧ್ಯಾಹ್ನ ಅಂಗಡಿಗೆ ಬಂದು ಕಾಗದ ಬರೆಯಲು ಕೂತೆವು. ಈ ಸಲ ನಾನೊಬ್ಬಳೇ ಟೈಪ್ ಮಾಡಿ ಕಳಿಸುವ ಮಾತೇ ಇಲ್ಲ ಅಂದಳು ಅವಳು. ಒಂದೊಂದು ಸಾಲಿಗೂ ಜಗಳ. 'ಹಿಯರ್ ಈಸ್ ದಿ ಬೌಲ್.' ಇದರಲ್ಲಿ ತಕರಾರಿಲ್ಲ. ಆಮೇಲೆ ಅತ್ತೆಯ ಮನೆಯ ಗೂಡು ಬಂತು. ನಾನು 'ದಿ ಶೆಲ್ಫ್' ಅಂದೆ.

"ಆಯಮ್ಮ ಅತ್ತೆ ಮನೆ ಗೂಡು ಎಲ್ಲಿ ನೋಡವ್ರೆ ಅಕ್ಕ? 'ಎ' ಹಾಕಿ."

ಅವಳು ಹೇಳಿದ್ದೇ ಸರಿ. ಹೈಸ್ಕೂಲಿನಲ್ಲಿ ಇಂಗ್ಲಿಷಿನಿಂದಲೇ ಫೇಲಾಗಿ ಓದು ಬಿಟ್ಟವಳು ಅವಳು. ಅದನ್ನು ಅವಳೇ ಹೇಳಿದ್ದು. ಈಗ ನೋಡಿದರೆ ನನ್ನ ಕೈ ಹಿಡಿದು ತಿದ್ದುತ್ತಿದ್ದಾಳೆ.

ಸಂಜೆ ಮೇಷ್ಟ್ರು ಬಂದು ನೋಡಿದರು. 'ಎ', 'ದಿ' ಜಗಳದಲ್ಲಿ 'ಆ್ಯನ್' ಅನ್ನುವುದನ್ನೇ ಮರೆತು ನಾವು 'ಎ ಆಂಟ್' ಅಂತ ಬರೆದ ಕಡೆ ಬೆರಳಿಟ್ಟು, "ಇದನ್ನ ಜೋರಾಗಿ ಬೇಗ ಬೇಗ ಹೇಳಿ," ಅಂದರು. ಎ ಆಂಟ್, ಎ ಆಂಟ್. ನಾಲ್ಕನೇ ಸಲಕ್ಕೆ ಬಾಯಿ ಎಡವಿತು. "ಮನೆ ಅಲ್ಲಿ ಅಂತ ಹೇಳೋಕಾಗುತ್ತಾ? ನಡುವೆ ಒಂದು ಯಕಾರ ಬಂದು ಮನೆಯಲ್ಲಿ ಆಗಲ್ವಾ? ಇವ್ರಿಗೆ ಯಕಾರದ ಬದ್ಲು 'ನ್' ಬರುತ್ತೆ. ಆ್ಯನ್ ಆಂಟ್. ಅಷ್ಟೇ." ಆಗಮ ಸಂಧಿ! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಾನು ಟೈಪಿಸ್ಟು, ಅಕ್ಷರ ನೋಡಿಯೇ ಬದುಕಿದವಳು. ಮುಂದೆ ಯಾವ ಅಕ್ಷರ ಇದೆ ಅಂತ ಕಣ್ಣಲ್ಲಿ ನೋಡಿ 'ಆ್ಯನ್' ಹಾಕಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಿದ್ದೆ. ಅದು ಕಿವಿಯ ಕೆಲಸವಂತೆ. ಯೂನಿವರ್ಸಿಟಿಯ ಮೊದಲ ಅಕ್ಷರ 'ಯು', ಆದರೆ ಬಾಯಿಗೆ ಬರುವುದು ಯಕಾರ, ಅಲ್ಲಿ 'ಎ' ಸಾಕು. ಗಂಟೆಗೆ 'ಅವರ್' ಅನ್ನುವಾಗ ಮೊದಲಿನ 'ಎಚ್' ಬಾಯಿಗೇ ಬರುವುದಿಲ್ಲ, ಅಲ್ಲಿ 'ಆ್ಯನ್'. "ಎಂ.ಎಲ್.ಎ.ಗೆ ಏನು ಹಾಕ್ತೀಯ?" ಅಂತ ಪರೀಕ್ಷೆ ಮಾಡಿದರು. "ಆ್ಯನ್ ಎಂ.ಎಲ್.ಎ.!" ಅಂತ ನಾವಿಬ್ಬರೂ ಒಟ್ಟಿಗೆ ಕೂಗಿದೆವು. ಎದುರು ಬೇಕರಿಯವರು, ಎಮ್ಮೆಲ್ಲೆ ಬಂದರೇನೋ ಅಂತ ಹೊರಗೆ ಬಂದು ನೋಡಿದರು.

ಕೊನೆಗೆ, "'ಮೈ ಆಂಟ್' ಅಂತ ಬರೀರಿ, ಆಗ ಯಾವುದೂ ಬೇಡ," ಅಂದರು ಮೇಷ್ಟ್ರು. ಇಷ್ಟೆಲ್ಲ ಕಲಿಸಿದ ಮೇಲೆ!

ಬಟ್ಟಲು ಹೋಯಿತು. ಅದು ತಲುಪುವವರೆಗೆ ನಾನು ಒಂದು ಕೆಲಸ ಮಾಡಿದೆ. ಕಂಪ್ಯೂಟರಿನಲ್ಲಿ ಉಳಿದಿದ್ದ ನನ್ನ ಹಳೇ ಅರ್ಜಿಗಳನ್ನೆಲ್ಲ ತೆಗೆದು ಓದಿದೆ. ಜ್ವರದ ರಜಾ ಅರ್ಜಿಯಲ್ಲಿ 'ದಿ ಫೀವರ್' ಅಂತ ಬರೆದಿದ್ದೆ, ಸಾಹೇಬರಿಗೆ ಆ ಜ್ವರದ ಪರಿಚಯ ಇರುವ ಹಾಗೆ. ಗಿರಾಕಿಗಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳತೊಡಗಿದೆ. ಚಿಕ್ಕನಾಯಕನಹಳ್ಳಿ ಕಡೆಯ ರೈತರೊಬ್ಬರು ಕುರಿ ಕಳೆದುಹೋಗಿದೆ ಅಂತ ದೂರು ಬರೆಸಲು ಬಂದಿದ್ದರು. "ಯಜಮಾನ್ರೇ, ಯಾವುದೋ ಒಂದು ಕುರೀನಾ, ಇಲ್ಲ ಪೊಲೀಸ್ರಿಗೆ ಮೊದ್ಲೇ ಹೇಳಿರೋ ಕುರೀನಾ?" ಅಂತ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಕುರಿ ಕಣಮ್ಮ," ಅಂದರು. ಅದಕ್ಕಿಂತ ಸರಿಯಾದ ಉತ್ತರ ಇರಲಿಲ್ಲ.

ಯುರೋಪಿನಿಂದ ಕಾಗದ ಬಂದಾಗ ಅವಳನ್ನು ಕರೆಸಿದೆ. ನಾನು ಓದುವುದಿಲ್ಲ, ನೀನೇ ಓದು ಅಂದೆ. ಅವಳು ಪರದೆಯ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಬಟ್ಟಲು ತಲುಪಿದೆ. ಅದನ್ನು ಮಾರುವುದಿಲ್ಲ, ನನ್ನ ಮನೆಯಲ್ಲೇ ಇಟ್ಟುಕೊಂಡಿದ್ದೇನೆ ಅಂತ ಆ ಅಂಗಡಿಯ ಹೆಂಗಸು ಬರೆದಿದ್ದಳು. ಅತ್ತೆಗೆ ನಮಸ್ಕಾರ ತಿಳಿಸಿದ್ದಳು. ಕೊನೆಯ ಸಾಲು 'ಪ್ಲೀಸ್ ಸೆಂಡ್ ಮಿ ಟ್ವೆಲ್ವ್ ಬೌಲ್ಸ್ ಫಾರ್ ಮೈ ಶಾಪ್' ಅಂತ ಇತ್ತು.

ಅವಳು ಅಲ್ಲೇ ನಿಂತಳು. ಆ ಸಾಲನ್ನು ಮತ್ತೆ ಓದಿದಳು. "ಅಕ್ಕ, 'ದಿ' ಇಲ್ಲ! ಟ್ವೆಲ್ವ್ ಹಿಂದೆ 'ದಿ' ಇಲ್ಲ! ಅಂದ್ರೆ ಯಾವ ಹನ್ನೆರಡಾದ್ರೂ ಸೈ!" ಅಂತ ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. ಹನ್ನೆರಡು ಬಟ್ಟಲು ಹೋಗುವ ಸಂತೋಷ ಎಷ್ಟೋ, ಇಲ್ಲದ ಪದವೊಂದನ್ನು ತಾನಾಗಿ ಕಂಡುಹಿಡಿದ ಸಂತೋಷವೂ ಅಷ್ಟೇ ಇತ್ತು ಅವಳ ಮುಖದಲ್ಲಿ.

ಈಗ ಅವಳು ತನ್ನ ಫೋನಿನಿಂದಲೇ ಕಾಗದ ಬರೆಯುತ್ತಾಳೆ. ಅವಳ ಜೊತೆ ಚಿಪ್ಪು ಉಜ್ಜಲು ಇನ್ನೂ ಮೂವರು ಸೇರಿಕೊಂಡಿದ್ದಾರೆ. ಕಾಗದ ಕಳಿಸುವ ಮುಂಚೆ ನನಗೊಮ್ಮೆ ತೋರಿಸುವ ವಾಡಿಕೆ ಇತ್ತು. ಮೊನ್ನೆ ತೋರಿಸದೆ ಕಳಿಸಿ, ಆಮೇಲೆ ನನಗೆ ಫಾರ್ವರ್ಡ್ ಮಾಡಿದ್ದಳು. ನಮ್ಮ ಊರಿನ ಬಗ್ಗೆ ಯಾರೋ ಕೇಳಿದ್ದಕ್ಕೆ ಉತ್ತರ ಅದು. ಮೊದಲ ಸಾಲೇ 'ದಿ ಕೋಕೋನಟ್ ಗಿವ್ಸ್ ಅಸ್ ಎವೆರಿಥಿಂಗ್.'

ಸಿಕ್ಕಿಬಿದ್ದಳು ಅಂದುಕೊಂಡು ಫೋನ್ ಮಾಡಿದೆ. "ಯಾವ ತೆಂಗೇ? ಯಾವ ಮರ ಅಂತ ಅವ್ರಿಗೆ ಹೆಂಗೆ ಗೊತ್ತು? 'ದಿ' ಯಾಕೆ ಹಾಕ್ದೆ?"

"ಒಂದು ಮರದ ವಿಷ್ಯ ಅಲ್ಲಕ್ಕ. ತೆಂಗು ಅಂದ್ರೆ ತೆಂಗು. ಅದು ಯಾರಿಗ್ ಗೊತ್ತಿಲ್ಲ?"

ನಾನು ಒಪ್ಪಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ಅವರು ಆ ಸಾಲನ್ನು ಎರಡು ಸಲ ಹೇಳಿಸಿ, "ಇಡೀ ಜಾತಿಗೇ ಹೇಳುವಾಗ 'ದಿ' ಬರುತ್ತೆ ಕಣಮ್ಮ. ಅದನ್ನ ನಾನಿನ್ನೂ ನಿಮ್ಗೆ ಹೇಳಿಕೊಟ್ಟಿರ್ಲಿಲ್ಲ. ಯಾರು ಬರ್ದಿದ್ದು ಇದು?" ಅಂದರು.

ಯಾರು ಅಂತ ಹೇಳಿದೆ. ಫೋನ್ ಇಟ್ಟವಳೇ ಹಾಲ್ಕುರಿಕೆಗೆ ಮತ್ತೆ ಹಚ್ಚಿದೆ. ಅವಳು ಎತ್ತುವವರೆಗೂ ಕೂರಲಾಗದೆ ಅಂಗಡಿಯ ಒಳಗೇ ಅತ್ತಿಂದಿತ್ತ ಓಡಾಡಿದೆ.